ಪಂಕಜಾಕ್ಷಿ ಪಾಲಿಗೆ ಕೇಳಿದ ಬೋಳುಗುಡ್ಡೆ

ಸಂಪಾಜೆ ಕಡೆಯವರು ಪಂಕಜಾಕ್ಷಿಯನ್ನು ಕಾಡು ಉಳಿಸಿದ ಪುಣ್ಯವಂತೆ ಎಂದು ಹೊಗಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. "ಪುಣ್ಯ ಗಿಣ್ಯ ಎಂತದೂ ಇಲ್ಲ ಮಾರಾಯ್ರೆ. ನನಗೆ ತಮ್ಮನ ಮೇಲೆ ಹಗೆ ಇತ್ತು" ಎನ್ನುತ್ತಿದ್ದಳು.

ಅವರದು ಅಳಿಯಸಂತಾನದ ಮನೆ. ಆಸ್ತಿ ಇಳಿಯುವುದು ಹೆಣ್ಣಿನ ಕಡೆಯಿಂದ, ಬೀಗದ ಕೈ ಇರುವುದು ಗಂಡಸಿನ ಸೊಂಟದಲ್ಲಿ. ಸೋದರಮಾವ ತೀರಿಕೊಂಡ ಮೇಲೆ ತಮ್ಮ ತ್ಯಾಂಪಣ್ಣ ಯಜಮಾನನಾದ. ಯಜಮಾನನ ಅಕ್ಕ ಬೆಳಿಗ್ಗೆ ಸೆಗಣಿ ಬಾಚಿ, ಗಂಜಿ ಬೇಯಿಸಿಟ್ಟು, ಹಟ್ಟಿಗೆ ಸೊಪ್ಪು ತರಲು ಗುಡ್ಡೆ ಹತ್ತುತ್ತಿದ್ದಳು. ದನಗಳ ಕಾಲಡಿಗೆ ಹಾಸಿದ ಆ ಸೊಪ್ಪೇ ಕೊಳೆತು ಅವನ ತೋಟಕ್ಕೆ ಗೊಬ್ಬರ. ಜೊತೆಗೆ ಕೆಲಸದ ಚೆನ್ನು. ಹತ್ತುವಾಗ ಬುಟ್ಟಿ ಖಾಲಿ, ಬಾಯಿ ತುಂಬ ಮಾತು. ಇಳಿಯುವಾಗ ಉಸಿರು ಮಾತ್ರ.

ಮನೆಯ ಹಿಂದೆ ಎರಡು ದೊಡ್ಡ ಕಾಡುಗಳು, ಅವುಗಳ ನಡುವೆ ಸೊಂಟದ ಹಾಗೆ ಸಪೂರವಾದ ಒಂದು ಗುಡ್ಡೆ. ಆನೆ, ಕಾಟಿ, ಕಡವೆ ಎಲ್ಲ ಆ ಗುಡ್ಡೆಯ ಮರಗಳ ಮರೆಯಲ್ಲೇ ಆಚೀಚೆ ದಾಟುತ್ತಿದ್ದವು. ಕೆಳಗಿನವರಿಗೆ ಕೊಂಬೆ ಮುರಿಯುವ ಸದ್ದು ಕೇಳುತ್ತಿತ್ತು, ಅಷ್ಟೆ. ಎಪ್ಪತ್ತೆರಡನೇ ಇಸವಿಯಲ್ಲಿ ತ್ಯಾಂಪಣ್ಣ ಅದರ ಮರಗಳನ್ನೆಲ್ಲ ಕಡಿಸಿ ಮಾರಿದ. ಮರೆ ಇಲ್ಲದ ಗುಡ್ಡೆ ದಾಟಲು ಹೆದರಿದ ಆನೆಗಳು ಕೆಳಗಿಳಿದು ಗದ್ದೆ ಬದಿಯ ಕಾಲುದಾರಿ ಹಿಡಿದವು. ಹತ್ತಿರದ ಸೊಪ್ಪು ಹೋದದ್ದರಿಂದ ದೂರದ ಕಾಡಿಗೆ ಹೋಗಬೇಕಾದ ಹೆಂಗಸರಿಗೂ ಅದೇ ದಾರಿ.

ಮಳೆಗಾಲದ ಒಂದು ಬೆಳಿಗ್ಗೆ ಪಂಕಜಾಕ್ಷಿ ಸೆರಗು ಬಿಗಿದುಕೊಳ್ಳಲು ಹಿಂದೆ ನಿಂತಳು. ಮುಂದೆ ಹೋದ ಚೆನ್ನು ಮಂಜಿನಲ್ಲಿ ಆನೆಗೆ ಎದುರಾದಳು.

ಹೆಣ ಅಂಗಳಕ್ಕೆ ಬಂದಾಗ ತ್ಯಾಂಪಣ್ಣ ಜಗಲಿಯಿಂದ ಇಳಿಯಲಿಲ್ಲ. "ಛೆ" ಎಂದ. ಆಮೇಲೆ, "ಹಾಗಾದ್ರೆ ನಾಳೆಯಿಂದ ಸೊಪ್ಪು ಯಾರು ತರುದು?"

ಪಂಕಜಾಕ್ಷಿ ಕೆಸರಲ್ಲಿ ಬಿದ್ದಿದ್ದ ಚೆನ್ನುವಿನ ಸಿಂಬೆಯನ್ನು, ತಲೆಗೂ ಹೊರೆಗೂ ನಡುವೆ ಇಡುವ ಆ ಬಟ್ಟೆಯ ಸುರುಳಿಯನ್ನು, ತೊಳೆದು ಒಣಗಿಸಿ ಎತ್ತಿಟ್ಟಳು. ಎರಡು ವರ್ಷ ಕಳೆದ ಮೇಲೆ ಪಾಲು ಕೇಳಿದಳು.

ಪಾಲಿಗೆ ಕೂತ ಹಿರಿಯರು ಒಳ್ಳೆಯ ಗದ್ದೆಯನ್ನೇ ಅವಳ ಕಡೆ ಹಾಕಿದರು. ಅವಳು ಹಳೆಯ ಕೊಟ್ಟಿಗೆಮನೆ, ಒಂದು ಗದ್ದೆ ಮತ್ತು ಬೋಳುಗುಡ್ಡೆ ಸಾಕೆಂದಳು.

"ಅಲ್ಲಿ ಎಂತ ಬೆಳೆಸ್ತಿ ಅಕ್ಕ, ಕಲ್ಲಾ?" ತ್ಯಾಂಪಣ್ಣ ನಕ್ಕ.

"ಹೌದು ಮಾರಾಯ. ನಿನ್ನ ತಲೆ ಮೇಲೆ ಹೊರಿಸ್ಲಿಕ್ಕೆ."

ಎಲ್ಲರೂ ನಕ್ಕರು. ತೋಟದ ಜೊತೆ ಗುಡ್ಡೆಯಾಚೆಯ ಇಳಿಜಾರನ್ನು ಅವನು ರಬ್ಬರಿಗೆಂದು ಬರೆಸಿಕೊಂಡ. ದಾರಿಯ ಹಕ್ಕನ್ನೂ ಬರೆಸಿಕೋ ಎಂದು ಒಬ್ಬರು ಹೇಳಿದಾಗ, "ಅಕ್ಕನ ಜಾಗ ಅಂದ್ರೆ ನಂದೇ ಅಲ್ವಾ" ಎಂದುಬಿಟ್ಟ. ಹುಟ್ಟಿದಂದಿನಿಂದ ಹಾಗೇ ನಡೆದಿತ್ತು.

ಬೋಳುಗುಡ್ಡೆಗೆ ಪಂಕಜಾಕ್ಷಿ ಮೊದಲು ಮಾಡಿದ್ದು ಮುಳ್ಳಿನ ಬೇಲಿ. ದನ ಹೋಗಬಾರದು, ಕತ್ತಿ ತಾಗಬಾರದು. ತನ್ನ ಹಟ್ಟಿಗೆ ಒಣ ತರಗೆಲೆಯನ್ನೇ ಹಾಸಿದಳು. ಮೊದಲ ಮಳೆಗೇ ಸತ್ತಂತಿದ್ದ ಬುಡಗಳು ಚಿಗುರಿದವು. ಚೆನ್ನುವಿನ ತಂಗಿ ಅಕ್ಕುವೂ ಇತರ ಹೆಂಗಸರೂ ಖಾಲಿ ಬುಟ್ಟಿ ಹೊತ್ತು ಕಾಡಿಗೆ ಹೋಗುವಾಗ ಅವಳ ಅಂಗಳಕ್ಕೆ ಬರುತ್ತಿದ್ದರು. ಸಾರಿಗೆ ಹಿಂಡಿದ ಪುನರ್ಪುಳಿಯ ಬೀಜ, ಕಾಟುಮಾವಿನ ಗೊರಟು, ಹೆಬ್ಬಲಸಿನ ಬೀಜ, ಹೀಗೆ ಅಡುಗೆಮನೆ ಎಸೆದದ್ದೆಲ್ಲ ಅವರ ಬುಟ್ಟಿಯಲ್ಲಿ ಗುಡ್ಡೆ ಹತ್ತಿತು. ಬೇಸಿಗೆಯಲ್ಲಿ ಬೆಂಕಿ ನುಗ್ಗದಂತೆ ಅಂಚಿನುದ್ದಕ್ಕೂ ಗುಡಿಸಿದರು. ಗುಡಿಸುವುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ.

"ಗಿಡಕ್ಕೆ ಎಂತ ಮಂತ್ರ ಹೇಳುದು ಅಕ್ಕೆ ನೀವು?" ಅಕ್ಕು ಕೇಳಿದಳು.

"ತ್ಯಾಂಪನ ದಾರಿಗೆ ಅಡ್ಡ ಬೆಳಿ ಅಂತ."

ಎಂಬತ್ತೈದರಲ್ಲಿ ರಬ್ಬರ್ ಹಾಲು ಕೊಡತೊಡಗಿತು. ಹಾಲು ಹೆಪ್ಪುಗಟ್ಟಿಸಿ ಮಾಡಿದ ಶೀಟು ಸಾಗಿಸಲು ಜೀಪು ಬೇಕು, ಜೀಪಿಗೆ ರಸ್ತೆ ಬೇಕು. ಒಂದು ಕಡೆ ಹೊಳೆ, ಉಳಿದ ಕಡೆ ಸರಕಾರಿ ಕಾಡು, ಮುಂದೆ ಅಕ್ಕನ ಗುಡ್ಡೆ. ತ್ಯಾಂಪಣ್ಣ ಗರಗಸದವರನ್ನು ಕರೆದುಕೊಂಡೇ ಬಂದ. ಪಂಕಜಾಕ್ಷಿ ತೆಂಗಿನಕಾಯಿ ಸುಲಿಯುತ್ತಿದ್ದ ಕತ್ತಿಯನ್ನು ಕೆಳಗಿಡದೆ ಬೇಲಿಯ ಬಳಿ ನಿಂತಳು.

"ಜೀಪು ಹೋಗುವಷ್ಟು ಸಾಕು ಅಕ್ಕ."

"ಜೀಪು ಹೋದ ಜಾಗದಲ್ಲಿ ಆನೆ ದಾಟುದಿಲ್ಲ. ಮತ್ತೆ ಕೆಳಗೆ ಬರ್ತದೆ. ಗುಡ್ಡೆ ಮೇಲೆ ಕಾಲುದಾರಿ ಉಂಟು, ಹೊತ್ತುಕೊಂಡು ಹೋಗು."

"ಆಳು ಸಿಗುದಿಲ್ಲ."

"ಹೇಗೆ ಸಿಗ್ತದೆ?" ಹಿಂದಿನಿಂದ ಅಕ್ಕು ಹೇಳಿದಳು. "ನಿಮ್ಮ ಹೊರೆ ಹೊರುದಿಲ್ಲ ಅಂತ ನಾವು ಮಾತಾಡಿ ಆಗಿದೆ ಧಣಿ."

ಗರಗಸದವರು ಕತ್ತಿಯನ್ನೊಮ್ಮೆ ನೋಡಿ ಬೀಡಿ ಹಚ್ಚಿಕೊಂಡು ಹಿಂದಿರುಗಿದರು. ಪಂಕಜಾಕ್ಷಿ ಒಳಗೆ ಹೋಗಿ ಸಿಂಬೆ ತಂದು ತಮ್ಮನ ಕೈಗೆ ಕೊಟ್ಟಳು. "ಚೆನ್ನುವಿನದ್ದು. ತಲೆ ನೋಯುದಿಲ್ಲ."

ಅವನು ಅದನ್ನು ಬೇಲಿಯಾಚೆ ಎಸೆದು ಹೋದ. ಆದರೆ ಶೀಟು ಬೂಸ್ಟು ಹಿಡಿಯತೊಡಗಿತು. ವಾರ ಕಳೆದು ಒಂದು ಸಂಜೆ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗಿನವನಿಂದ ಶೀಟಿನ ಕಟ್ಟನ್ನು ತನ್ನ ತಲೆಗೆ ಎತ್ತಿಸಿಕೊಂಡು ತಾನೊಬ್ಬನೇ ಹೊರಟ. ಗುಡ್ಡೆಯ ನಡುವೆ ಬಂದಾಗ ಪಕ್ಕದಲ್ಲೇ ಕೊಂಬೆ ಮುರಿಯಿತು. ಮರಗಳ ಮರೆಯಲ್ಲಿ ಆನೆಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ದಾಟುತ್ತಿದ್ದವು. ತಲೆಹೊರೆಯನ್ನು ಒಬ್ಬನೇ ಇಳಿಸಲಾಗದು, ಹೊತ್ತುಕೊಂಡು ಓಡಲೂ ಆಗದು. ಕೊನೆಯ ಮರಿ ಹೋಗುವವರೆಗೆ ಕುತ್ತಿಗೆ ಗಟ್ಟಿಮಾಡಿ ನಿಂತ.

ಹಾಗೇ ಅಕ್ಕನ ಅಂಗಳ ಮುಟ್ಟಿದ. ತಲೆಯ ಮೇಲೆ, ಹೊರೆಯ ಅಡಿಯಲ್ಲಿ, ಅವನೇ ಎಸೆದಿದ್ದ ಚೆನ್ನುವಿನ ಸಿಂಬೆ ಇತ್ತು.

"ಅಕ್ಕ, ಒಂದು ಕೈ ಕೊಡು. ಇಳಿಸ್ಲಿಕ್ಕೆ ಆಗುದಿಲ್ಲ."

ಪಂಕಜಾಕ್ಷಿ ಪುನರ್ಪುಳಿಯ ಬೀಜ ಬಿಡಿಸುತ್ತಿದ್ದಳು. ಏಳಲಿಲ್ಲ.

"ನಾಳೆಯಿಂದ ಶೀಟು ಯಾರು ತರುದು ತ್ಯಾಂಪ?" ಎಂದು ಕೇಳಿ, ಅವನು ಉತ್ತರ ಕೊಡುವವರೆಗೂ ಬೀಜ ಬಿಡಿಸುತ್ತಲೇ ಕೂತಳು.