ಕಾಲಿಗೆ ಬಂದ ಬನಿಯನ್

ನನಗೆ ಹೆದರಿಕೆ ಬಹಳ. ಹಲ್ಲಿ, ಗುಡುಗು, ಕೊರಿಯರ್‌ನಲ್ಲಿ ಬರುವ ಕಂದು ಲಕೋಟೆ, ಎಲ್ಲಕ್ಕೂ ಹೆದರುತ್ತೇನೆ. ಆದರೆ ನನ್ನ ಪಾದಕ್ಕೆ ನಾನೇ ಹೆದರುವ ದಿನ ಬಂದೀತೆಂದು ಎಣಿಸಿರಲಿಲ್ಲ.

ಹೈದರಾಬಾದಿನಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದ್ದ ವರ್ಷಗಳವು. ಊರಿನ ಆ ತುದಿಗೆ ಕಂಪ್ಯೂಟರ್ ಕಂಪನಿಗಳು ಬಂದರೆ ಈ ತುದಿಯಲ್ಲಿ, ತಾರ್ನಾಕದ ನಮ್ಮ ಶಾಲೆಗೆ ಯಾಕೆ ಹುಕಿ ಬರಬೇಕೋ! ಶಾಲೆಯ ಹೆಸರಿಗೆ ‘ಟೆಕ್ನೋ’ ಸೇರಿತು. ವಿಜ್ಞಾನ ಕಲಿಸುವ ನನ್ನ ಕಾಲಿಗೆ ಸಮವಸ್ತ್ರದ ಚೂಪು ಮೂತಿಯ ಕರಿ ಬೂಟು ಸೇರಿತು. ವರ್ಷ ಕಳೆಯುವುದರೊಳಗೆ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಬೋರೆಹಣ್ಣಿನಷ್ಟು ಗಂಟು ಎದ್ದಿತು. ಕೆಂಪಗೆ, ಮುಟ್ಟಿದರೆ ಉರಿ. ಬಸ್ಸಿನಲ್ಲಿ ನಿದ್ದೆಹೋದ ಪಕ್ಕದ ಸೀಟಿನವರ ಹಾಗೆ ಹೆಬ್ಬೆರಳು ಮೆಲ್ಲಗೆ ಎರಡನೇ ಬೆರಳಿನ ಮೇಲೆ ಒರಗಿತು.

ಓದಿದವಳಲ್ಲವೇ, ಇಂಟರ್‌ನೆಟ್ ಅಂಗಡಿಗೆ ಹೋಗಿ ಹುಡುಕಿದೆ. ಎಲುಬನ್ನು ಕೊಯ್ದು ಮೊಳೆ ಬಡಿದ ಚಿತ್ರಗಳು ಕಂಡವು. ಎದ್ದು ಮನೆಗೆ ಬಂದವಳು ಬಹಳ ದಿನ ಯಾರೆದುರೂ ಕಾಲುಚೀಲ ತೆಗೆಯಲಿಲ್ಲ. ಹಬ್ಬಕ್ಕೆ ಬಂದ ಹುಡುಗಿಯರು ಕಾಲಿಗೆರಗಲು ಬಗ್ಗಿದರೆ ‘ಇರಲಿ, ಇರಲಿ’ ಎಂದು ಹಿಂದೆ ಸರಿದೆ. ಅದರಿಂದ ವಿನಯವಂತೆ ಎಂಬ ಹೆಸರೂ ಬಂತು.

ನಾನು ಕುಂಟುವುದನ್ನು ಕಂಡು ನಮ್ಮವರು ಒಂದು ಸಂಜೆ ಕೋಠಿಯ ಎಲುಬಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಡಾಕ್ಟರು ಬೀದರ ಕಡೆಯವರು. ಪಾದ ಹಿಡಿದು ನೋಡಿ, “ಇದು ಬನಿಯನ್ ಐತ್ರಿ ಟೀಚರ,” ಎಂದರು.

ನಮ್ಮವರು ತಮ್ಮ ಅಂಗಿಯ ಕೊರಳಿನೊಳಗೆ ಒಮ್ಮೆ ನೋಡಿಕೊಂಡು, “ಕಾಲಾಗ ಬನಿಯನ್ ಹೆಂಗ ಬರ್ತೈತ್ರಿ ಡಾಕ್ಟರ?” ಎಂದು ಕೇಳಿದರು.

“ಆ ಬನಿಯನ್ ಅಲ್ಲರಿ!” ಡಾಕ್ಟರು ನಕ್ಕರು. “ಇದು ಕ್ಯಾನ್ಸರ್ ಗಡ್ಡಿ ಏನಲ್ಲ. ಹೆಬ್ಬೆರಳಿನ ಕೀಲು ಹೊರಗ ಸರದೈತಿ, ಬೆರಳು ಒಳಗ ವಾಲೈತಿ. ನಿಮ್ಮ ಅವ್ವಗೂ ಇತ್ತೇನ್ರಿ?”

ಇತ್ತು. ಅವ್ವನ ಪಾದ ಇರುವುದೇ ಹಾಗೆಂದು ನಾವು ತಿಳಿದಿದ್ದೆವು.

“ಪಾದದ ಕಟ್ಟು ಮನೆತನದಿಂದ ಬರ್ತೈತ್ರಿ, ಉಳದದ್ದು ಬೂಟು ಮಾಡ್ತೈತಿ. ಮುಂದ ಅಗಲ ಇರೋ ಮೆತ್ತನ ಬೂಟು ಹಾಕ್ರಿ. ಬೆರಳಿನ ನಡುವ ಸಿಲಿಕೋನ್ ತುಂಡು ಇಡ್ರಿ. ಬಾವು ಬಂದ್ರ ಬರ್ಫ ಬಟ್ಟ್ಯಾಗ ಸುತ್ತಿ ಇಡ್ರಿ. ನೋವು ಇಳೀತೈತಿ, ಆದ್ರ ಎಲುಬು ತಾನ ನೆಟ್ಟಗ ಆಗೂದಿಲ್ಲ. ನಡಿಯಾಕ ಬರದಷ್ಟು ನೋವಿದ್ರ ಅಷ್ಟ ಆಪರೇಶನ್ ಮಾತು.”

ಪಾದಪೂಜೆ, ಪಾದುಕೆ, ಪಾದೋದಕ ಎಂದು ಪಾದಕ್ಕೆ ಇಷ್ಟು ಭಕ್ತಿ ತೋರಿಸಿದ ನಾವು ಈ ಗಂಟಿಗೆ ಒಂದು ಹೆಸರಿಡಲಿಲ್ಲವಲ್ಲ ಎಂದು ನಿರಾಳವಾಗಿ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಡಾಕ್ಟರು ಎರಡನೇ ಬೆರಳನ್ನು ಒತ್ತಿದರು. “ಈ ಕಾಲುಂಗ್ರ ಮಾತ್ರ ತೆಗೀಲೇಬೇಕ್ರಿ. ಬೆರಳು ಬಾತೈತಿ, ರಕ್ತ ಓಡಾಡಾಕ ಜಾಗ ಇಲ್ಲ. ಎಣ್ಣಿಗೆ ಬರ್ಲಿಲ್ಲಂದ್ರ ನಾಳೆನ ಅಕ್ಕಸಾಲಿಗನ ಕಡೆ ಕತ್ತರಿಸಿಕೊಳ್ರಿ.”

ಎಣ್ಣೆಗೂ ಬರಲಿಲ್ಲ, ಸಾಬೂನಿಗೂ ಬರಲಿಲ್ಲ. ಮೊಳೆಯ ಹೆದರಿಕೆ ಹೋದ ಜಾಗಕ್ಕೆ ಅದಕ್ಕಿಂತ ದೊಡ್ಡದು ಬಂದು ಕುಳಿತಿತು. ನಮ್ಮವರ ಕೆಲಸ ಲಿಫ್ಟ್ ಕೂರಿಸುವುದು. ಆ ಗಾಜಿನ ಕಟ್ಟಡಗಳ ಹೊಟ್ಟೆಯಲ್ಲಿ, ಬಾವಿಯಂಥ ಕತ್ತಲಲ್ಲಿ, ಅಷ್ಟೆತ್ತರದಲ್ಲಿ ತೂಗಿಕೊಂಡು ದುಡಿಯುವವರು. ಕಾಲುಂಗುರವೋ ಮದುವೆಯಲ್ಲಿ ಅವರೇ ತೊಡಿಸಿದ್ದು. ಕಲಬುರಗಿಯಲ್ಲಿ ಅಣ್ಣನ ಮನೆಯಲ್ಲಿದ್ದ ಅವ್ವನಿಗೆ ಫೋನು ಮಾಡಿದೆ.

“ಗಂಡ ಅಷ್ಟು ಮ್ಯಾಲ ಏರಿ ಕೆಲಸ ಮಾಡಾಂವ, ನೀ ಕಾಲುಂಗ್ರ ಕತ್ತರಸ್ತೀನಂತಿ! ಬಾಯಾಗ ಬರೂ ಮಾತೇನ ಅದು?” ಎಂದಳು.

ಗ್ರಹಣದ ಹೊತ್ತಿನಲ್ಲಿ ಊಟ ಮಾಡಿದರೆ ಏನೂ ಆಗದೆಂದು ಮಕ್ಕಳಿಗೆ ಕಲಿಸುವವಳು ನಾನು. ಆ ಪಾಠ ನನ್ನ ಎರಡನೇ ಬೆರಳಿನವರೆಗೆ ಇಳಿದಿರಲಿಲ್ಲ.

ಬೆಳಿಗ್ಗೆ ನಮ್ಮವರು ಊಟದ ಡಬ್ಬಿ ಹಿಡಿದು ಹೊರಟರು. “ಬೆರಳು ಕರ್ರಗ ಆಗಾಕತ್ತೈತಿ. ಹುಚ್ಚಿ ಹಂಗ ಕುಂದರಬ್ಯಾಡ, ಇವತ್ತ ಕತ್ತರಿಸಿಕೊಂಡು ಬಾ,” ಎಂದು ನಗುತ್ತಾ ಸ್ಕೂಟರ್ ಒದ್ದರು.

ಅಕ್ಕಸಾಲಿಗನು ಬೆಳ್ಳಿಯ ಕೆಳಗೆ ಸಣ್ಣ ಇಕ್ಕಳ ತೂರಿಸಿ, “ಭಯಪಡಕಂಡಮ್ಮಾ,” ಎಂದು ತೆಲುಗಿನಲ್ಲಿ ಧೈರ್ಯ ಹೇಳಿದ. ಕಟಕ್ ಎಂದಿತು. ಬೆರಳಿಗೆ ಹಾಯೆನಿಸಿತು, ಎದೆಗೆ ಅಲ್ಲ. ಅಂಗಡಿಯ ಮೆಟ್ಟಿಲಲ್ಲೇ ನಿಂತು ನಮ್ಮವರಿಗೆ ಫೋನು ಹಚ್ಚಿದೆ. ಅವರು ಸಿಗುವುದಿಲ್ಲವೆಂದು ಒಬ್ಬಳು ತೆಲುಗಿನಲ್ಲಿ ಹೇಳಿ, ಹಿಂದಿಯಲ್ಲಿ ಹೇಳಿ, ಇಂಗ್ಲಿಷಿನಲ್ಲೂ ಹೇಳಿ ಹೆದರಿಸಿದಳು. ಕಬ್ಬಿಣ, ಕಾಂಕ್ರೀಟಿನ ನಡುವೆ ಮೊಬೈಲಿನ ಅಲೆ ಯಾಕೆ ತಲುಪುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದು ಏನೂ ಉಪಯೋಗವಾಗಲಿಲ್ಲ.

ಮನೆಗೆ ಬಂದು ಅರಿಶಿಣದ ದಾರವೊಂದನ್ನು ಬೆರಳಿಗೆ ಸಡಿಲವಾಗಿ ಸುತ್ತಿದೆ. ವಿಜ್ಞಾನಕ್ಕೂ ಬೇಸರವಾಗಬಾರದು, ಅವ್ವನಿಗೂ ಬೇಸರವಾಗಬಾರದು. ಮಧ್ಯಾಹ್ನವೆಲ್ಲ ಫೋನು ಹಚ್ಚುತ್ತಲೇ ಇದ್ದೆ. ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿದರೆ ಅದು ನಮ್ಮ ಓಣಿಗೆ ತಿರುಗುತ್ತದೋ ಎಂದು ಕಿಟಕಿಗೆ ಓಡಿದೆ, ಅದೂ ಆ ಕಾಲಿನಲ್ಲಿ. ಅನ್ನ ಹಾಕಿಕೊಂಡವಳು ಉಣ್ಣಲಿಲ್ಲ.

ಸಂಜೆ ಸ್ಕೂಟರ್ ಸದ್ದಾಯಿತು. ಮೈತುಂಬ ಸಿಮೆಂಟು ಧೂಳು ಮೆತ್ತಿಕೊಂಡು ಅವರು ಬಾಗಿಲಲ್ಲಿ ನಿಂತಿದ್ದರು. ಕೈ, ಕಾಲು, ತಲೆ ಎಲ್ಲ ನೋಡಿದೆ. ಎಲ್ಲ ಅದರದರ ಜಾಗದಲ್ಲಿತ್ತು. ಅಳು ತಡೆಯಲಾಗಲಿಲ್ಲ.

ವಿಷಯ ಕೇಳಿ ಅವರು ಜೋರಾಗಿ ನಕ್ಕರು. “ಆ ಕಾಲುಂಗ್ರ ನಿನ್ನ ಕಾಲಾಗ ಇದ್ದಾಗ ನಾ ಸ್ಕೂಟರ್ ಮ್ಯಾಲಿಂದ ಬಿದ್ದು ಕೈ ಮುರಕೊಂಡಿದ್ದೆ. ಅವತ್ತ ಅದು ಏನ್ ಮಾಡಾಕತ್ತಿತ್ತು, ಕೇಳಿದ್ದೇನು?”

ಕಣ್ಣೊರೆಸಿಕೊಂಡು ಚಹಾಕ್ಕಿಟ್ಟೆ. ಅವರು ಮುಖ ತೊಳೆಯುತ್ತಾ, ನನ್ನ ಕಡೆ ನೋಡದೆ, ದನಿ ತಗ್ಗಿಸಿ ಅಂದರು: “ಆದ್ರ ಇವತ್ತ ಕೆಲಸಕ್ಕ ಇಳಿಯೂ ಮುಂದ ಸೊಂಟದ ಹಗ್ಗ ಎಳದ್ ಎಳದ್ ನೋಡಿದೆ. ಜೊತಿಗಿದ್ದವ್ರು ನಗಾಕತ್ತಿದ್ರು.”

ಗಂಟು ಈಗಲೂ ಇದೆ. ಡಾಕ್ಟರ ಚೀಟಿ ನೋಡಿ ಶಾಲೆಯವರು ಅಗಲ ಬೂಟಿಗೆ ಒಪ್ಪಿದರು, ನೋವು ಬಹಳಷ್ಟು ಇಳಿದಿದೆ. ಹೆದರಿಕೆ ಇಳಿದಿಲ್ಲ. ಆದರೆ ಅದು ನನ್ನೊಬ್ಬಳದೇ ಅಂದುಕೊಂಡಿದ್ದಾಗ ಇದ್ದಷ್ಟು ಭಾರ ಈಗಿಲ್ಲ.