ಐವತ್ತು ಸಲ ಬರೆದ ಸಾಲು

ಕಲಿಕೆ ಎಂದರೇನು ಎಂಬುದಕ್ಕೆ ನನಗೆ ಎರಡು ಉತ್ತರ ಬಾಯಿಪಾಠ. ತೊಂಬತ್ತರ ದಶಕದ ಆರಂಭದಲ್ಲಿ, ಶಿಕ್ಷಕರ ತರಬೇತಿಯಲ್ಲಿ ಉರುಹೊಡೆದದ್ದು ಒಂದು: ವರ್ತನೆಯಲ್ಲಾಗುವ ಬದಲಾವಣೆಯೇ ಕಲಿಕೆ, ಮತ್ತೆ ಮತ್ತೆ ಮಾಡಿಸಿದರೆ ಮಗು ಕಲಿಯುತ್ತದೆ. ಎರಡು ಸಾವಿರದ ಇಸವಿಯ ನಂತರ, ಶಿಕ್ಷಕರ ಒಂದು ಬೇಸಿಗೆ ಶಿಬಿರದಲ್ಲಿ ಅದನ್ನು ತಳ್ಳಿಹಾಕಿ, ಮಗು ತನ್ನ ತಿಳಿವಳಿಕೆಯನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದರು. ನಾವಷ್ಟೂ ಮೇಷ್ಟ್ರು-ಮಿಸ್ಸುಗಳು ಅದನ್ನೂ ಬರೆದುಕೊಂಡು, ಕೊನೆಯ ದಿನದ ಪರೀಕ್ಷೆಗೆಂದು ಉರುಹೊಡೆದೆವು! ನನಗೆ ನಗು ತಡೆಯಲಾಗಲಿಲ್ಲ. ಆ ಪಾಠ ನನಗೆ ಎಷ್ಟೋ ಮೊದಲೇ ಆಗಿತ್ತು, ಚಾಮರಾಜಪೇಟೆಯ ಶಾಲೆಗೆ ಹೊಸದಾಗಿ ಸೇರಿದ ವರ್ಷ.

ಐದನೇ ಕ್ಲಾಸು. ಭೂಮಿ ತನ್ನ ಅಕ್ಷದ ಸುತ್ತ ತಿರುಗುವುದರಿಂದ ಹಗಲು ರಾತ್ರಿ ಆಗುತ್ತವೆ ಎಂದು ಹೇಳಿಕೊಡುತ್ತಿದ್ದೆ. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು.

"ಅಕ್ಷ ಎಲ್ಲಿದೆ ಮಿಸ್?"

"ಅದು ಕಲ್ಪಿತ ರೇಖೆ. ಕೂತ್ಕೋ."

"ಇಲ್ದೇ ಇರೋದ್ರ ಸುತ್ತ ಹೇಗೆ ತಿರುಗತ್ತೆ?"

ಇಡೀ ಕ್ಲಾಸು ಗೊಳ್ಳೆಂದಿತು. ನನಗೆ ಮೈ ಉರಿದುಹೋಯಿತು. ಅಧಿಕಪ್ರಸಂಗಿ ಎಂದು ಬೈದು, ಪಾಠದ ಆ ಸಾಲನ್ನೇ ಐವತ್ತು ಸಲ ಬರೆದುಕೊಂಡು ಬಾ ಎಂದೆ. ಇಂಪೊಸಿಷನ್ ಕೊಡುವುದು ಆಗಿನ ರೂಢಿ. ಕಲಿಸುವ ದಾರಿಯೇ ಅದು ಎಂದು ನಂಬಿದ್ದೆವು.

ಹುಡುಗಿ ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಅವಳ ತಾತ ಬಂದರು. ಬಳೇಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿದ್ದವರು, ಹಣೆ ತುಂಬ ವಿಭೂತಿ. ನನ್ನ ಮುಂದಿಟ್ಟ ನೋಟ್‌ಬುಕ್ಕಿನಲ್ಲಿ ಐವತ್ತು ಸಾಲೂ ಇದ್ದವು, ಮುದ್ದಾದ ಅಕ್ಷರದಲ್ಲಿ.

"ಇದು ಅವಳ ಕೈಬರಹ ಅಲ್ಲ," ಎಂದೆ.

"ನಂದೇ ಮೇಡಂ. ಮಗು ದಿನಾ ಹೊಟ್ಟೆನೋವು ಅಂತ ಅಳ್ತಿದೆ, ಸ್ಕೂಲೇ ಬೇಡ ಅಂತಿದೆ. ಬರೆದುಕೊಟ್ರಾದ್ರೂ ಹೋಗ್ತಾಳೇನೋ ಅಂತ ಕೂತು ಬರೆದೆ." ಸಂಕೋಚದಿಂದ ಕೇಳಿದರು: "ಐವತ್ತು ಸಲ ಬರೆದ್ರೂ ನಂಗೂ ಗೊತ್ತಾಗ್ಲಿಲ್ಲ. ಈ ಅಕ್ಷ ಎಲ್ಲಿದೆ?"

ಮಾತಿನಲ್ಲಿ ಕುಹಕವೇ ಇರಲಿಲ್ಲ. ಜಗಳಕ್ಕೆ ಬಂದಿದ್ದರೆ ನಾನೂ ಜಗಳವಾಡಬಹುದಿತ್ತು. ಬಾಯಿಗೆ ಬಂದದ್ದು ಮತ್ತೆ ಅದೇ ಕಲ್ಪಿತ ರೇಖೆ. ಅದರಾಚೆಗೆ ನನಗೂ ಏನೂ ತಿಳಿಯದು ಎಂದು ಆಗ ಗೊತ್ತಾಗಿ ನಾಚಿಕೆಯಾಯಿತು.

"ನಂಗೂ ಸರಿಯಾಗಿ ಗೊತ್ತಿಲ್ಲ ಸಾರ್. ಬಾಯಿಪಾಠ ಮಾಡಿದ್ದೆ ಅಷ್ಟೆ," ಎಂದುಬಿಟ್ಟೆ.

"ಅಯ್ಯೋ, ಅಷ್ಟೇ ತಾನೆ! ಅದನ್ನೇ ಅವಳಿಗೂ ಹೇಳಿ ಮೇಡಂ. ಬರ್ತಾಳೆ."

ಮರುದಿನ ಮೊಮ್ಮಗಳ ಕೈ ಹಿಡಿದು ಕ್ಲಾಸಿನ ಬಾಗಿಲ ತನಕ ಕರೆತಂದರು. ಅವಳು ಒಳಗೆ ಕಾಲಿಡಲಿಲ್ಲ. ನಾನು ಎಲ್ಲ ಮಕ್ಕಳ ಎದುರೇ ಹೇಳಿದೆ: "ಅವತ್ತು ನೀನು ಕೇಳಿದ್ದು ಸರಿಯಾಗೇ ಇತ್ತು. ನಂಗೇ ಗೊತ್ತಿರ್ಲಿಲ್ಲ."

ಹುಡುಗಿ ತಾತನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಹಂಗಾದ್ರೆ ನೀವೂ ಐವತ್ತು ಸಲ ಬರೀಬೇಕಲ್ವಾ ಮಿಸ್?"

ನಾನು ಚಾಕ್‌ಪೀಸ್ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದೆ. ಬರೆದದ್ದು ಒಂದೇ ಸಲ: ಅಕ್ಷ ಎಲ್ಲಿದೆ? ಮತ್ತೆ ಇತ್ತ ತಿರುಗುವಷ್ಟರಲ್ಲಿ ಅವಳು ತನ್ನ ಬೆಂಚಿನಲ್ಲಿ ಕೂತಿದ್ದಳು.