ತುಟಿಯ ಮೇಲಿನ ಹಸಿರು ಚೌಕ

ಮೊನ್ನೆ ಅಟ್ಟ ಖಾಲಿ ಮಾಡುವಾಗ ಊಟದ ಡಬ್ಬಿಯಷ್ಟೇ ಇರುವ ಒಂದು ಹಳೆಯ ಕಂಪ್ಯೂಟರ್ ಕೈಗೆ ಸಿಕ್ಕಿತು. ಸುಮ್ಮನೆ ಪ್ಲಗ್ ಹಾಕಿ ನೋಡಿದೆ. ಫ್ಯಾನು ಗರಗರ ಎಂದಿತು, ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಯ ಬೆನ್ನಿಗೇ ಯೆರವಡಾದ ಕಾಕು ನೆನಪಾದರು... ತಂತಿ ಕಿತ್ತುಹಾಕಿ ಅಲ್ಲೇ ಕೂತುಬಿಟ್ಟೆ.

ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಅವರು ನನ್ನ ಸಂಬಂಧಿಕರಲ್ಲ, ಪಕ್ಕದ ಮನೆಯವರು. ಮಾರ್ಕೆಟ್ ಯಾರ್ಡಿನಲ್ಲಿ ಗುಮಾಸ್ತರಾಗಿದ್ದ ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಯಾವುದೋ ಜ್ವರದಲ್ಲಿ ಎರಡೂ ಕಿವಿ ಹೋಗಿದ್ದವು. ಆದರೆ ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಕನ್ನಡವಾದರೆ ಮಾತ್ರ. ಹಾಲಿನವ ಮರಾಠಿಯಲ್ಲಿ ಮಾತಾಡಿದರೆ ನಾನೇ ಹೋಗಿ ತಿಳಿಸಬೇಕಾಗುತ್ತಿತ್ತು.

ನಾನಾಗ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಜಂಬಕ್ಕೇನೂ ಕಡಿಮೆ ಇರಲಿಲ್ಲ. ಕಾಕುವಿನ ಟೀವಿಗೆ ಈ ಡಬ್ಬಿ ಜೋಡಿಸಿಕೊಟ್ಟವನು ನಾನೇ. ಮುಖಗಳು ದೊಡ್ಡದಾಗಿ ಕಾಣುವ ಹಳೆಯ ಸಿನಿಮಾ ಹಾಕಿಕೊಟ್ಟರೆ ಅವರಿಗೆ ಮಧ್ಯಾಹ್ನ ಕಳೆಯುತ್ತಿತ್ತು.

ಅವರ ತಾಯಿ ಇಂದಾಪುರದಲ್ಲಿ, ಕಾಕುವಿನ ಅಣ್ಣನ ಮನೆಯಲ್ಲಿದ್ದರು. ಅಣ್ಣ ತಂಗಿಗೆ ಏನೋ ಮಾತಿಗೆ ಮಾತು ಬೆಳೆದು ಎರಡು ವರ್ಷದಿಂದ ಹೋಗಿಬರುವುದು ನಿಂತಿತ್ತು. ಒಂದು ದಿನ ಊರಿನಿಂದ ಬಂದ ಯಾರೋ ಒಂದು ಪೆನ್‌ಡ್ರೈವ್ ಕೊಟ್ಟುಹೋದರು. ತಾಯಿ ಕ್ಯಾಮೆರಾದ ಮುಂದೆ ಕೂತು ಮಗಳಿಗಾಗಿ ಒಂದೆರಡು ಮಾತು ಹೇಳಿದ್ದರು! ಕಾಕುವಿನ ಸಂತೋಷ ಹೇಳತೀರದು. ಬರುವ ರವಿವಾರ ಎಸ್.ಟಿ. ಬಸ್ಸು ಹತ್ತುವುದೆಂದು ಚೀಲ ಕಟ್ಟಿಯೇಬಿಟ್ಟರು.

ಆದರೆ ಚಿತ್ರ ಸರಿಯಾಗಿ ಬರಲೊಲ್ಲದು. ಹೊಸ ಕ್ಯಾಮೆರಾದ ಭಾರೀ ವಿಡಿಯೊ ಅದು. ಅದನ್ನು ಬಿಡಿಸಿ ತೋರಿಸುವ ತ್ರಾಣ ಡಬ್ಬಿಯ ಪ್ರೊಸೆಸರಿಗೆ ಇರಲಿಲ್ಲವೆಂದು ಆ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ವಹಿಸಿದ್ದೆ. ಚಿಪ್ಪು ವಿಡಿಯೊವನ್ನೇನೋ ಸರಾಗವಾಗಿ ಓಡಿಸುತ್ತಿತ್ತು, ಆದರೆ ಅಲುಗಾಡುವ ಜಾಗದಲ್ಲೆಲ್ಲ ಹಸಿರು ಚೌಕ ಮೂಡಿಸುತ್ತಿತ್ತು, ಧ್ವನಿಯನ್ನಂತೂ ಪೂರ್ತಿ ನುಂಗಿಹಾಕುತ್ತಿತ್ತು. ಆ ಮುದುಕಿಯಲ್ಲಿ ಅಲುಗಾಡುತ್ತಿದ್ದದ್ದು ತುಟಿಗಳಷ್ಟೇ.

“ಅವ್ವನ ಬಾಯಿನ ಕಾಣವಲ್ದಲ್ಲೋ ತಮ್ಮಾ!” ಎಂದು ಕಾಕು ಚಡಪಡಿಸಿದರು.

ಮೂರು ದಿನ ಒದ್ದಾಡಿದೆ. ಡ್ರೈವರ್ ಬದಲಿಸಿದೆ, ಪ್ಲೇಯರ್ ಬದಲಿಸಿದೆ. ಕೊನೆಗೆ ಚಿಪ್ಪಿನ ಸಹವಾಸವೇ ಬೇಡವೆಂದು ಎಲ್ಲ ಭಾರ ಪ್ರೊಸೆಸರಿನ ಮೇಲೆ ಹಾಕಿದೆ. ಹಸಿರು ಮಾಯವಾಯಿತು. ಚಿತ್ರ ಮಾತ್ರ ತೆವಳುತ್ತಿತ್ತು, ಈಗ ಬಂದ ಧ್ವನಿ ಮುಂದೆ ಓಡಿ ಕರಕರ ಎನ್ನುತ್ತಿತ್ತು. ಇವರಿಗೆ ಧ್ವನಿ ಯಾಕೆ ಎಂದು ಕಿವಿಗೊಡದೆಯೇ ಅದನ್ನು ಬಂದ್ ಮಾಡಿ ಕಾಕುವನ್ನು ಕರೆದೆ.

ಪರದೆಯ ಮೇಲೆ ಮುದುಕಿಯ ತುಟಿಗಳು ನಿಧಾನವಾಗಿ ಕೂಡಿ, ನಿಧಾನವಾಗಿ ಬಿಟ್ಟವು. ಕಾಕು ಎರಡು ಸಲ ನೋಡಿದರು. ಮುಖ ಬಿಳಚಿಕೊಂಡಿತು. “ಸಾಕಪಾ, ಬಂದ್ ಮಾಡು” ಎಂದು ಒಳಗೆ ಹೋದರು. ತಾಯಿಯ ಮುಖ ಕಂಡು ದುಃಖ ಉಕ್ಕಿರಬೇಕು ಎಂದುಕೊಂಡೆ. ಅಷ್ಟು ಕಷ್ಟಪಟ್ಟರೂ ಒಂದು ಕಪ್ ಚಹಾ ಸಿಗಲಿಲ್ಲವಲ್ಲ ಎಂದು ಬೇಸರವೂ ಆಯಿತು.

ರವಿವಾರ ಕಾಕು ಹೊರಡಲಿಲ್ಲ. ಕೇಳಿದರೆ “ಮೊಣಕಾಲ ಭಾಳ ನೋಯ್ತಾವಪಾ” ಎಂದರು.

ಎರಡು ತಿಂಗಳಿಗೆ ತಾಯಿ ತೀರಿಕೊಂಡರು. ಕರೆದುಕೊಂಡು ಹೋಗಲು ಅಣ್ಣನೇ ಬಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಅಳುತ್ತಲೇ ಸಿಟ್ಟಿನಿಂದ ಕೇಳಿದರು: “ಅವ್ವ ಅಷ್ಟು ಬಿಡಿಸಿ ಹೇಳಿದ್ಲು, ನೀ ಮರಿಬ್ಯಾಡವ್ವಾ ಅಂತ. ಒಮ್ಮೆನೂ ಬರಲಿಲ್ಲಲ್ಲ ನೀನು?”

ಕಾಕು ಅಣ್ಣನ ತುಟಿಯನ್ನೇ ನೋಡುತ್ತಿದ್ದರು. “ಹೌದು, ಬರಬ್ಯಾಡ ಅಂದ್ಲು. ಅದಕ್ಕ ಬರಲಿಲ್ಲ.”

“ಬರಬ್ಯಾಡ ಅಲ್ಲ, ಮರಿಬ್ಯಾಡ!”

“ಅದನ್ನ ನಾನೂ ಹೇಳಾಕತ್ತೀನಿ, ಬರಬ್ಯಾಡ ಅಂದ್ಲು ಅಂತ.”

ಆಗಲೇ ನನಗೆ ಹೊಳೆಯಿತು. ಮರಿಬ್ಯಾಡ, ಬರಬ್ಯಾಡ... ಎರಡಕ್ಕೂ ತುಟಿ ಹಾಗೇ ಕೂಡುತ್ತದೆ, ಹಾಗೇ ಬಿಡುತ್ತದೆ. ಬೇರೆ ಮಾಡಬಲ್ಲದ್ದು ಕಿವಿ ಮಾತ್ರ. ಅಣ್ಣನ ಮುನಿಸಿಗೆ ಅವ್ವನೂ ಸೇರಿಕೊಂಡಳು ಎಂದು ನಂಬಿ ಈ ಹೆಂಗಸು ಎರಡು ತಿಂಗಳು ಮನೆಯಲ್ಲೇ ಕೂತಿದ್ದರು. ಅಣ್ಣ ಕೂಗುತ್ತಲೇ ಇದ್ದರು. ನಾನು ಪೇಪರಿನ ಅಂಚಿನಲ್ಲಿ ‘ಮರಿಬ್ಯಾಡ’ ಎಂದು ಬರೆದು ಕಾಕುವಿನ ಮುಂದೆ ಹಿಡಿದೆ.

ಕಾಕು ‘ಮ’ ಅಕ್ಷರದ ಮೇಲೆ ಬೆರಳಿಟ್ಟರು. ಅಳಲಿಲ್ಲ. ತಲೆಯೆತ್ತಿ ನನ್ನನ್ನು ಕೇಳಿದರು: “ತಮ್ಮಾ, ಅವತ್ತ ನಿನಗರ ಕೇಳಿಸಿತ್ತೇನು?”

ಇಲ್ಲ ಎಂದು ತಲೆಯಾಡಿಸಿದೆ. ಅದು ಸುಳ್ಳೂ ಆಗಿರಲಿಲ್ಲ.

ಕಾಕು ತೀರಿಕೊಂಡು ಈಗ ಎಷ್ಟೋ ವರ್ಷವಾಯಿತು, ಅವರ ಡಬ್ಬಿ ನನ್ನ ಅಟ್ಟ ಸೇರಿತು. ಧ್ವನಿ ಬಂದ್ ಮಾಡಿದವನು ನಾನೇ ಎಂದು ಅವರಿಗೆ ಕೊನೆಯವರೆಗೂ ಹೇಳಲಿಲ್ಲ. ಎದುರಿಗೆ ನಿಂತು ನಿಧಾನವಾಗಿ ಹೇಳಿದ್ದರೆ ತಿಳಿದುಕೊಳ್ಳುತ್ತಿದ್ದರು.